ಗಾಳಿ ಫ್ಯಾನ್ ಮೋಡ ಓಡಿಸಲ್ಲ, ಅದರ ರಸ್ತೆ ನೀರು ತಡೆಯುತ್ತದೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಕಡೆ ಗಾಳಿ ಫ್ಯಾನಿನ, ಅಂದರೆ ಗಾಳಿಯಿಂದ ಕರೆಂಟ್ ಮಾಡುವ ಯಂತ್ರದ ವಿಷಯ ಎತ್ತಿದರೆ ಸಾಕು, ಕಟ್ಟೆ ಮೇಲೆ ಕೂತವರಲ್ಲಿ ಒಬ್ಬರಾದರೂ ಹೀಗೆ ಹೇಳುತ್ತಾರೆ: "ಫ್ಯಾನ್ ಬಂದ ಮ್ಯಾಲ ಮಳಿ ಕಡಿಮಿ ಆಗ್ಯದ ನೋಡ್ರಿ. ಮೋಡ ಬರ್ತಾವ, ಹಂಗೇ ಮುಂದ ಹೋಗ್ತಾವ." ಇದನ್ನು ಕೇಳಿ ಕಂಪನಿಯವರು ನಗುತ್ತಾರೆ, ಅಧಿಕಾರಿಗಳೂ ನಗುತ್ತಾರೆ. ಆ ನಗುವಿನಲ್ಲಿ ಊರವರ ಉಳಿದ ತಕರಾರುಗಳೂ ಮುಚ್ಚಿಹೋಗುತ್ತವೆ. ನನಗೆ ಸಿಟ್ಟು ಬರುವುದೇ ಅಲ್ಲಿ. ಮೋಡದ ಮಾತು ನಿಜವಲ್ಲ, ಒಪ್ಪೋಣ. ಆದರೆ ಉಳಿದ ತಕರಾರುಗಳಲ್ಲಿ ಹೆಚ್ಚಿನವು ನಿಜ.

ಮೊದಲು ಮೋಡದ ಲೆಕ್ಕ ನೋಡೋಣ. ಈಗಿನ ಫ್ಯಾನ್‌ಗಳ ಕಂಬವೇ 120ರಿಂದ 140 ಮೀಟರ್ ಎತ್ತರ. ರೆಕ್ಕೆಯ ತುದಿ ಮೇಲೆ ಹೋದಾಗ ಸುಮಾರು 200 ಮೀಟರ್ ಮುಟ್ಟುತ್ತದೆ. ಜೋರು ಮಳೆ ಸುರಿಸುವ ಮೋಡ ಅದಕ್ಕಿಂತ ಮೇಲಿಂದ ಶುರುವಾಗಿ ಹಲವು ಕಿಲೋಮೀಟರ್ ಎತ್ತರಕ್ಕೆ ಬೆಳೆದಿರುತ್ತದೆ. ಅಲ್ಲದೆ ಈ ಯಂತ್ರ ಗಾಳಿಯನ್ನು ಊದುವುದಿಲ್ಲ. ಮನೆಯ ಫ್ಯಾನ್ ಕರೆಂಟ್ ತಗೊಂಡು ಗಾಳಿ ಕೊಡುತ್ತದೆ, ಇದು ಗಾಳಿ ತಗೊಂಡು ಕರೆಂಟ್ ಕೊಡುತ್ತದೆ. ಅದರ ಹಿಂದೆ ಗಾಳಿ ನಿಧಾನವಾಗುತ್ತದೆಯೇ ಹೊರತು ಜೋರಾಗುವುದಿಲ್ಲ.

ಇನ್ನು ಶಕ್ತಿಯ ವಿಷಯ. ಒಂದು ಚದರ ಕಿಲೋಮೀಟರ್ ಹೊಲದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿತ್ತು ಅಂದುಕೊಳ್ಳಿ. ಅಂದರೆ 1 ಕೋಟಿ ಲೀಟರ್ ನೀರು. ಅಷ್ಟು ಆವಿ ಮೋಡದೊಳಗೆ ನೀರಾಗುವಾಗ ಹೊರಬರುವ ಶಾಖ ಸುಮಾರು 70 ಲಕ್ಷ ಯೂನಿಟ್ ಕರೆಂಟಿಗೆ ಸಮ. 2 ಮೆಗಾವಾಟ್‌ನ ಒಂದು ಫ್ಯಾನ್ ವರ್ಷವಿಡೀ ತಿರುಗಿದರೂ ಕೊಡುವುದು ಹೆಚ್ಚೂ ಕಡಿಮೆ 50 ಲಕ್ಷ ಯೂನಿಟ್. ಒಂದು ಸಣ್ಣ ಮಳೆಯ ಮುಂದೆ ಅದರ ಇಡೀ ವರ್ಷದ ದುಡಿಮೆ ಅಷ್ಟೇ.

ಹಾಗಾದರೆ ರೈತ ಕಣ್ಣಾರೆ ಕಂಡದ್ದು ಸುಳ್ಳಾ? ಖಂಡಿತ ಸುಳ್ಳಲ್ಲ. ಮುಂಗಾರು ಗಾಳಿ ಪಶ್ಚಿಮದಿಂದ ಬರುತ್ತದೆ, ಸಹ್ಯಾದ್ರಿ ಹತ್ತುವಾಗಲೇ ತನ್ನ ನೀರನ್ನು ಬಹಳಷ್ಟು ಸುರಿದುಬಿಡುತ್ತದೆ, ಉಳಿದ ತೇವ ಹೊತ್ತುಕೊಂಡು ನಮ್ಮ ಬಯಲಿಗೆ ಬರುವಷ್ಟರಲ್ಲಿ ಗಾಳಿಯ ಜೋರು ಉಳಿದಿರುತ್ತದೆ, ಮಳೆ ಅಷ್ಟು ಉಳಿದಿರುವುದಿಲ್ಲ. ಆಷಾಢದಲ್ಲಿ ಮೋಡಗಳು ಓಡುತ್ತಲೇ ಇರುತ್ತವೆ, ಹನಿ ಬೀಳುವುದಿಲ್ಲ, ಅದೇ ಹೊತ್ತಿಗೆ ಫ್ಯಾನ್‌ಗಳು ವರ್ಷದಲ್ಲೇ ಜಾಸ್ತಿ ತಿರುಗುತ್ತವೆ. ಎರಡಕ್ಕೂ ಕಾರಣ ಆ ಒಂದೇ ಗಾಳಿ. ಕಂಪನಿಗಳು ಹುಡುಕಿಕೊಂಡು ಬರುವುದೂ ಇಂಥ ಗಾಳಿ ಜಾಸ್ತಿ, ಮಳೆ ಕಡಿಮೆ ಇರುವ ಜಾಗಗಳನ್ನೇ. ಚಿತ್ರದುರ್ಗ, ಗದಗ ನೋಡಿ. ಮಹಾರಾಷ್ಟ್ರದ ಸಾಂಗ್ಲಿ, ಸಾತಾರಾ ಕಡೆಯೂ ಬರಗಾಲದಲ್ಲಿ ಜನ ಇದೇ ಮಾತು ಹೇಳಿದ್ದರು.

ಬೆಟ್ಟವೇ ಇಲ್ಲದ ನಮ್ಮ ಎರೆ ಬಯಲಿಗೆ ಈಗ ಯಾಕೆ ಬಂದರು ಅಂತ ಕೇಳುವವರೂ ಇದ್ದಾರೆ. ಗಾಳಿಯ ವೇಗ ಸ್ವಲ್ಪ ಹೆಚ್ಚಾದರೂ ಅದರಲ್ಲಿರುವ ಶಕ್ತಿ ಬಹಳ ಹೆಚ್ಚಾಗುತ್ತದೆ. ಸೆಕೆಂಡಿಗೆ 5 ಮೀಟರ್ ಇದ್ದದ್ದು 6 ಆದರೆ ಶಕ್ತಿ 73 ಪರ್ಸೆಂಟ್ ಜಾಸ್ತಿ. ಮೇಲೆ ಹೋದಷ್ಟೂ ಗಾಳಿ ಜೋರು, ಹಾಗಾಗಿ ಕಂಬ ಎತ್ತರವಾದರೆ ಬೆಟ್ಟವೇ ಬೇಕಾಗಿಲ್ಲ. ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ಅಂದಾಜಿನಲ್ಲಿ 100 ಮೀಟರ್ ಎತ್ತರಕ್ಕೆ ದೇಶದ ಸಾಮರ್ಥ್ಯ 302 ಗಿಗಾವಾಟ್, 120 ಮೀಟರಿಗೆ ಅದು 695.

ಈಗ ನಿಜವಾದ ತಕರಾರಿಗೆ ಬರೋಣ. ಒಂದು ರೆಕ್ಕೆ 60-70 ಮೀಟರ್ ಉದ್ದ, ಅದನ್ನು ತರುವ ಟ್ರೇಲರ್ ಹೊಲದ ಬಂಡಿ ದಾರಿಯಲ್ಲಿ ಹೊರಳುವುದಿಲ್ಲ, ಅದಕ್ಕೆ ಅಗಲ ರಸ್ತೆ ಬೇಕು, ಕ್ರೇನ್ ನಿಲ್ಲಲು ಗಟ್ಟಿ ಜಾಗ ಬೇಕು. ನಮ್ಮದು ಎರೆಭೂಮಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಭಾರ ನಿಲ್ಲಬೇಕೆಂದರೆ ಮುರುಂ (ಗರಸು ಮಣ್ಣು) ತಂದು ಏರಿಸಲೇಬೇಕು. ಹಾಗೆ ಏರಿಸಿದ ರಸ್ತೆ ಇಳಿಜಾರಿಗೆ ಅಡ್ಡ ಬಂದರೆ ಅದು ಒಡ್ಡೇ ಆಗುತ್ತದೆ. ಒಂದು ಕಿರಿದಾದ ಸಿಮೆಂಟ್ ಪೈಪ್ ಇಟ್ಟಿರುತ್ತಾರೆ. ಮೊದಲ ದೊಡ್ಡ ಮಳೆಗೆ ಅದರ ಬಾಯಿಗೆ ಕಸ, ಹೂಳು ಕಟ್ಟಿಕೊಳ್ಳುತ್ತದೆ, ಆಮೇಲೆ ಮೇಲಿನ ಹೊಲದಲ್ಲಿ ನೀರು ನಿಲ್ಲುತ್ತದೆ. ಎರೆ ಮಣ್ಣು ಒಮ್ಮೆ ತುಂಬಿದರೆ ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ.

ಆ ಹೊಲದಲ್ಲಿರುವುದು ತೊಗರಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು, ನಮ್ಮ ಹೆಮ್ಮೆ ಅದು. ತೊಗರಿ ಬರ ತಾಳುತ್ತದೆ, ಆಳಕ್ಕೆ ಬೇರು ಬಿಟ್ಟು ಹೇಗೋ ಬದುಕುತ್ತದೆ, ಆದರೆ ಬುಡದಲ್ಲಿ ನೀರು ನಿಂತರೆ ಮಾತ್ರ ತಾಳುವುದಿಲ್ಲ. ಮಣ್ಣಿನ ಸಂದುಗಳಲ್ಲಿ ಗಾಳಿಯ ಜಾಗವನ್ನು ನೀರು ತುಂಬಿಬಿಡುತ್ತದೆ, ಬೇರಿಗೆ ಆಕ್ಸಿಜನ್ ಸಿಗುವುದಿಲ್ಲ, ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುವ ಬ್ಯಾಕ್ಟೀರಿಯಾಗಳ ಕೆಲಸವೂ ನಿಲ್ಲುತ್ತದೆ. ಎಲೆ ಹಳದಿಯಾಗಿ ಉದುರುತ್ತದೆ, ಗಿಡ ಹೋಗುತ್ತದೆ. "ಇದು ಗಿಡ ಒಣಗಿಸುವ ನೆಟೆ ರೋಗ, ನಮಗೆ ಸಂಬಂಧ ಇಲ್ಲ" ಅಂತ ಕಂಪನಿಯವರು ಅಂದರೆ ಸುಮ್ನೆ ಒಪ್ಪಬೇಡಿ. ಗಿಡ ಕಿತ್ತು ಕಾಂಡ ಸೀಳಿ ನೋಡಿ. ನೆಟೆ ರೋಗವಾದರೆ ಒಳಗೆ ಉದ್ದಕ್ಕೆ ಕಂದು-ಕಪ್ಪು ಗೆರೆ ಕಾಣುತ್ತದೆ. ನೀರು ನಿಂತು ಹೋದ ಗಿಡದಲ್ಲಿ ಸಾಮಾನ್ಯವಾಗಿ ಆ ಗೆರೆ ಇರುವುದಿಲ್ಲ, ಬೇರು ಕೊಳೆತಿರುತ್ತದೆ. ರಸ್ತೆಯ ಮೇಲ್ಭಾಗದಲ್ಲಿ ಮಾತ್ರ ಗಿಡ ಸತ್ತು ಕೆಳಭಾಗದಲ್ಲಿ ಹಸಿರಾಗಿದ್ದರೆ ಅದೇ ದೊಡ್ಡ ಸಾಕ್ಷಿ.

ಸದ್ದಿನ ವಿಷಯ. ನಮ್ಮ ಕಾನೂನಿನಲ್ಲಿ ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45 ಡೆಸಿಬೆಲ್. ಚಳಿಗಾಲದ ರಾತ್ರಿ ನೆಲದ ಹತ್ತಿರ ಎಲೆಯೂ ಅಲುಗುವುದಿಲ್ಲ, ನೂರು ಮೀಟರ್ ಮೇಲೆ ಮಾತ್ರ ಗಾಳಿ ಬೀಸುತ್ತಲೇ ಇರುತ್ತದೆ. ಹಾಗಾಗಿ ರೆಕ್ಕೆಯ ಸದ್ದನ್ನು ಮುಚ್ಚಲು ಬೇರೆ ಸದ್ದೇ ಇರುವುದಿಲ್ಲ. ಹಗಲು ಬಂದು ಅಳೆದು ಹೋದರೆ ಇದು ಗೊತ್ತಾಗುವುದಿಲ್ಲ. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಮನೆಗಳಿಂದ 500 ಮೀಟರ್ ದೂರ ಇರಬೇಕು ಎನ್ನುತ್ತದೆ. ಹೊಲದಲ್ಲೇ ಮನೆ ಮಾಡಿಕೊಂಡವರನ್ನೂ ಆ ಅಳತೆಯಲ್ಲಿ ಸೇರಿಸಲೇಬೇಕು.

ರಾತ್ರಿಯ ಶಾಖದ ಬಗ್ಗೆಯೂ ಒಂದು ಮಾತು. ಅಮೆರಿಕದ ಟೆಕ್ಸಾಸ್‌ನಲ್ಲಿ ಉಪಗ್ರಹದಿಂದ ಅಳೆದಾಗ ಫ್ಯಾನ್ ಇರುವ ಕಡೆ, ಅದರಲ್ಲೂ ರಾತ್ರಿ, ನೆಲ ಪಕ್ಕದ ಪ್ರದೇಶಕ್ಕಿಂತ ಸ್ವಲ್ಪ ಬೆಚ್ಚಗಿರುವುದು ಕಂಡಿತ್ತು, 2012ರಲ್ಲಿ ಅದು ಪ್ರಕಟವಾಯಿತು. ರೆಕ್ಕೆ ಹೊಸದಾಗಿ ಶಾಖ ಹುಟ್ಟಿಸುವುದಿಲ್ಲ, ಮೇಲಿನ ಬೆಚ್ಚನೆಯ ಗಾಳಿಯನ್ನು ಕೆಳಗಿನ ತಂಪಿನೊಂದಿಗೆ ಬೆರೆಸುತ್ತದೆ. ಇಬ್ಬನಿಯನ್ನೂ ಲೆಕ್ಕಕ್ಕೆ ಹಿಡಿಯುವ ಹಿಂಗಾರಿ ಜೋಳದ ನಾಡಿನಲ್ಲಿ ಇದನ್ನು ಅಳೆಯಲೇಬೇಕು ಅನ್ನುವುದು ನನ್ನ ಒತ್ತಾಯ. ಸಾತಾರಾದ ಚಾಳಕೇವಾಡಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿದಾಗ ಫ್ಯಾನ್ ಇಲ್ಲದ ಕಡೆ ಬೇಟೆ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಜಾಸ್ತಿ ಇದ್ದವು. ಹೊಲದ ಇಲಿ ಹಿಡಿಯುವ ಹದ್ದು, ಗಿಡುಗ ನಮಗೂ ಬೇಕು, ಅಲ್ವಾ?

ನಾನು ಗಾಳಿ ಕರೆಂಟಿನ ವಿರೋಧಿ ಅಲ್ಲ. ಕಲ್ಲಿದ್ದಲು ಸುಡುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಇಲ್ಲ. ಹಾಗಾಗಿ ಆ ಕಾನೂನಿನಡಿ ಊರಲ್ಲಿ ಸಾರ್ವಜನಿಕ ವಿಚಾರಣೆ ನಡೆಸಬೇಕಾಗಿಲ್ಲ. ಜೆಸಿಬಿ ಬಂದ ಮೇಲೆ ಊರಿಗೆ ಸುದ್ದಿ ಗೊತ್ತಾಗುವುದು ಇದರಿಂದಲೇ. ಹೊಲ ಕೊಟ್ಟವರಿಗೆ ದುಡ್ಡು ಬರುತ್ತದೆ. ನೀರು ನಿಲ್ಲುವ ಪಕ್ಕದ ಹೊಲದವರಿಗೆ ಏನೂ ಇಲ್ಲ. ಲಾವಣಿಗೆ (ಗೇಣಿಗೆ) ಹೊಲ ಮಾಡಿದವರ ಹೆಸರಂತೂ ಪಹಣಿಯಲ್ಲೇ ಇರುವುದಿಲ್ಲ, ಪರಿಹಾರದ ಪಟ್ಟಿಗೆ ಅವರು ಹೇಗೆ ಬರುತ್ತಾರೆ?

ಅದಕ್ಕೇ ಗ್ರಾಮಸಭೆಯಲ್ಲಿ ಮೋಡದ ಮಾತು ಬಿಡಿ. ಅದನ್ನು ಎತ್ತಿದರೆ ಕಂಪನಿಯ ಎಂಜಿನಿಯರ್ ಎರಡು ನಿಮಿಷದಲ್ಲಿ ಗೆದ್ದುಬಿಡುತ್ತಾನೆ. ರಸ್ತೆಯ ನಕ್ಷೆ ಕೇಳಿ, ಇಳಿಜಾರು ಯಾವ ಕಡೆ ಅಂತ ಅದರಲ್ಲಿ ತೋರಿಸಲು ಹೇಳಿ. ಪೈಪ್ ಎಲ್ಲೆಲ್ಲಿ, ಎಷ್ಟು ಅಗಲ, ಹೂಳು ತೆಗೆಯುವವರು ಯಾರು ಅನ್ನುವುದು ಕರಾರಿನಲ್ಲಿ ಬರಬೇಕು. ಲಾವಣಿ ಮಾಡುವವರ ಹೆಸರೂ ಅದರಲ್ಲಿ ಇರಬೇಕು. ಮಿರಗದ (ಮೃಗಶಿರಾ) ಮಳೆಗೆ ಮುಂಚೆಯೇ ಹೊಲದ ಫೋಟೋ ತೆಗೆದಿಡಿ, ನೀರು ನಿಂತ ದಿನವೇ ತಲಾಠಿಯನ್ನು (ಊರಿನ ಕಂದಾಯ ಅಧಿಕಾರಿ) ಕರೆಸಿ ಪಂಚನಾಮೆ ಮಾಡಿಸಿ.