ಹವ್ಯಾಸಿಗಳ ವಿಶ್ವಕೋಶ ಹೇಗೆ ಬೆಳೆಯುತ್ತದೆ, ಹೇಗೆ ಸೊರಗುತ್ತದೆ: ಜೊತೆಗೆ ಓದುವವರಿಗೆ ಟಿಪ್ಪಣಿ

ಕಲಬುರಗಿಯ ನಮ್ಮ ಓದುವ ಗುಂಪಿಗೆ ಅಂತ ಬರೆದ ಟಿಪ್ಪಣಿ ಇದು. ಲೈಬ್ರರಿ ಸೈನ್ಸ್‌ನವರಿಗೂ ಪತ್ರಿಕೋದ್ಯಮದವರಿಗೂ ಈ ವಿಷಯ ಬೇಕಾಗುತ್ತದೆ. ಹೆಸರು, ವರ್ಷ ನೆನಪಿದ್ದರೆ ಎರಡು ಅಂಕದ ಪ್ರಶ್ನೆ ದಾಟಬಹುದು. ಹತ್ತು ಅಂಕದ ಪ್ರಶ್ನೆಗೆ ‘ಯಾಕೆ’ ಅನ್ನೋದು ಬೇಕು. ಅದಕ್ಕೆ ನಾನು ಒಂದೇ ಪ್ರಶ್ನೆ ಕೈಯಲ್ಲಿ ಹಿಡಿದು ಓದಿದೆ: ಹೊಸಬರೊಬ್ಬರು ಬಂದು ಒಂದು ಸಾಲು ಬರೆದರೆ, ಆ ಸಾಲಿನ ಗತಿ ಏನಾಗುತ್ತದೆ? ಇದೊಂದನ್ನು ಕೇಳುತ್ತಾ ಹೋದರೆ ಎಲ್ಲ ಕಥೆಗಳೂ ಬಿಚ್ಚಿಕೊಳ್ಳುತ್ತವೆ.

ಏಳು ಬಾಗಿಲು

ನ್ಯೂಪೀಡಿಯದಿಂದ ಶುರು ಮಾಡೋಣ. 2000ದ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಹುಟ್ಟಿದ ಅಂತರಜಾಲದ ವಿಶ್ವಕೋಶ ಅದು. ದುಡ್ಡು ಹಾಕಿದ್ದು ಜಿಮ್ಮಿ ವೇಲ್ಸ್ ಅವರ ಬೋಮಿಸ್ ಅನ್ನುವ ಅಂತರಜಾಲ ಕಂಪನಿ. ಪ್ರಧಾನ ಸಂಪಾದಕ ಲ್ಯಾರಿ ಸ್ಯಾಂಗರ್, ತತ್ವಶಾಸ್ತ್ರ ಓದಿದವರು. ಬರೆಯುವವರಿಗೆ ಸಂಬಳ ಇಲ್ಲ, ಓದುವವರು ಕಾಸು ಕೊಡಬೇಕಾಗಿಲ್ಲ. ಎಲ್ಲ ಚೆಂದವೇ. ಆದರೆ ಬರೆಯುವವರು ಆ ವಿಷಯದಲ್ಲಿ ತಜ್ಞರಾಗಿರಬೇಕು, ಪಿಎಚ್.ಡಿ. ಆಗಿದ್ದರೆ ಇನ್ನೂ ಒಳ್ಳೆಯದು ಅನ್ನೋದು ಅವರ ನಿಲುವು.

ಒಂದು ಲೇಖನ ಏಳು ಹಂತ ದಾಟಬೇಕಿತ್ತು. ಮೊದಲು ವಿಷಯ ಒಪ್ಪಿಸಬೇಕು. ಆಮೇಲೆ ಅದನ್ನು ಪರಿಶೀಲಿಸೋಕೆ ಒಬ್ಬ ಮುಖ್ಯಸ್ಥರನ್ನು ಹುಡುಕಬೇಕು. ಅವರು ನೋಡಬೇಕು. ನಂತರ ಉಳಿದವರ ಮುಂದೆ ಇಡಬೇಕು. ಅದಾದ ಮೇಲೆ ಭಾಷೆ ತಿದ್ದುವವರು ಒಂದು ಸಲ, ಎಲ್ಲರೂ ಸೇರಿ ಇನ್ನೊಂದು ಸಲ ತಿದ್ದಬೇಕು. ಕೊನೆಗೆ ಒಪ್ಪಿಗೆ. ಇದನ್ನೆಲ್ಲ ಮಾಡುವವರಿಗೂ ಸಂಬಳ ಇಲ್ಲ, ನೆನಪಿಡಿ. ತಮ್ಮ ಕೆಲಸ, ಸಂಸಾರ ಮುಗಿಸಿ ಬಿಡುವಿದ್ದಾಗ ಕೂತು ಮಾಡಬೇಕು.

ಮೊದಲ ವರ್ಷ ಹೊರಬಂದದ್ದು ಕೆಲವೇ ಕೆಲವು ಲೇಖನ. 2003ರ ಸೆಪ್ಟೆಂಬರ್‌ನಲ್ಲಿ ತಾಣ ನಿಂತಾಗ ಏಳೂ ಹಂತ ದಾಟಿದ್ದವು ಇಪ್ಪತ್ತೈದರ ಆಸುಪಾಸು.

ಇಲ್ಲಿ ಒಂದು ಸಣ್ಣ ಸಂಗತಿ ಇದೆ, ನನಗೆ ಇದೇ ಜಾಸ್ತಿ ಹಿಡಿಸಿದ್ದು. ವೇಲ್ಸ್ ಅವರೇ ಒಂದು ಲೇಖನ ಬರೆಯಲು ಕೂತರು, ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಬಗ್ಗೆ. ಹಣಕಾಸು ಅವರು ಓದಿದ ವಿಷಯವೇ. ಆದರೂ ತಮ್ಮ ಕರಡು ದೊಡ್ಡ ದೊಡ್ಡ ಪ್ರೊಫೆಸರುಗಳ ಕೈಗೆ ಹೋಗುತ್ತದೆ ಅಂದ ಕೂಡಲೇ ಅಳುಕಿದರು, ಮತ್ತೆ ಕಾಲೇಜಿಗೆ ಹೋಗಿ ಹೋಮ್‌ವರ್ಕ್ ಒಪ್ಪಿಸಿದ ಹಾಗೆ ಅನಿಸಿತು ಅಂತ ಆಮೇಲೆ ಹೇಳಿಕೊಂಡಿದ್ದಾರೆ. ಮನೆ ಕಟ್ಟಿಸಿದ ಯಜಮಾನನಿಗೇ ಒಳಗೆ ಕಾಲಿಡಲು ಅಂಜಿಕೆ ಅಂದರೆ, ಹೊರಗಿನವರ ಪಾಡೇನು?

ವಿಕಿ ಅಂದರೆ ಏನು

ವಾರ್ಡ್ ಕನಿಂಗ್‌ಹ್ಯಾಮ್ ಅನ್ನುವ ಪ್ರೋಗ್ರಾಮರ್ 1995ರ ಮಾರ್ಚ್ 25ರಂದು ಮೊದಲ ವಿಕಿಯನ್ನು ಜನರ ಮುಂದೆ ಇಟ್ಟರು. ಹವಾಯಿ ಭಾಷೆಯಲ್ಲಿ ‘ವಿಕಿ ವಿಕಿ’ ಅಂದರೆ ಬೇಗ ಬೇಗ ಅಂತ. ಪುಟ ತೆರೆದವರು ಅಲ್ಲೇ ತಿದ್ದಬಹುದು, ಉಳಿಸಿದ ಕೂಡಲೇ ಎಲ್ಲರಿಗೂ ಕಾಣುತ್ತದೆ. ಹಳೆಯ ರೂಪ ಎಲ್ಲೂ ಹೋಗುವುದಿಲ್ಲ, ಇತಿಹಾಸದಲ್ಲಿ ಕೂತಿರುತ್ತದೆ. ಯಾರಾದರೂ ಕೆಡಿಸಿದರೆ ಒಂದು ಒತ್ತಿಗೆ ಹಿಂದಿನದನ್ನು ತರಬಹುದು. ವಿಕಿಪೀಡಿಯದಂಥ ತಾಣಕ್ಕೆ ಈ ಕೊನೆಯ ಮಾತೇ ಜೀವಾಳ. ಕೆಡಿಸೋದಕ್ಕಿಂತ ಸರಿಮಾಡೋದು ಸುಲಭ ಆಗಿರೋದರಿಂದಲೇ ಗೊತ್ತಿಲ್ಲದವರಿಗೂ ಬಾಗಿಲು ತೆರೆದಿಡುವ ಧೈರ್ಯ ಬರುತ್ತದೆ.

ಇದೇ ವಿಕಿ ಪದ್ಧತಿಯಲ್ಲಿ ವೇಲ್ಸ್ ಮತ್ತು ಸ್ಯಾಂಗರ್ 2001ರ ಜನವರಿ 15ರಂದು ವಿಕಿಪೀಡಿಯ ಶುರು ಮಾಡಿದರು. ಆಗ ಅದರ ಉದ್ದೇಶ ದೊಡ್ಡದೇನೂ ಇರಲಿಲ್ಲ. ಇಲ್ಲಿ ಸುಮ್ನೆ ಕರಡು ಬರೆಯಲಿ, ಚೆನ್ನಾಗಿರೋದನ್ನು ನ್ಯೂಪೀಡಿಯದ ಏಳು ಹಂತಕ್ಕೆ ಕಳಿಸೋಣ ಅಂತ. ಒಂದು ತಿಂಗಳೊಳಗೆ ಸಾವಿರ ಲೇಖನ ಆದವು. ವರ್ಷದ ಕೊನೆಗೆ 18 ಭಾಷೆಗಳಲ್ಲಿ ಸುಮಾರು 20,000. ಬೀಜದ ಮಡಿ ಅಂತ ಮಾಡಿದ್ದೇ ಹೊಲವಾಗಿ ಹಬ್ಬಿತು, ಹೊಲ ಅಂದುಕೊಂಡದ್ದು ಬೀಳುಬಿತ್ತು. ಡಾಟ್‌ಕಾಂ ಕಂಪನಿಗಳು ಕುಸಿದ ಕಾಲ ಅದು. ಬೋಮಿಸ್‌ಗೂ ಕೈ ಕಟ್ಟಿತು, ಸ್ಯಾಂಗರ್ 2002ರ ಆರಂಭದಲ್ಲಿ ಕೆಲಸ ಬಿಡಬೇಕಾಯಿತು.

ಗುಣಮಟ್ಟದ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಕೇಳೇ ಕೇಳುತ್ತಾರೆ. 2005ರ ಡಿಸೆಂಬರ್‌ನಲ್ಲಿ ‘ನೇಚರ್’ ಪತ್ರಿಕೆ ವಿಜ್ಞಾನದ 42 ವಿಷಯ ಆರಿಸಿ, ವಿಕಿಪೀಡಿಯದ ಬರಹವನ್ನೂ ಬ್ರಿಟಾನಿಕಾ ವಿಶ್ವಕೋಶದ ಬರಹವನ್ನೂ ತಜ್ಞರಿಗೆ ಕೊಟ್ಟು ನೋಡಿಸಿತು. ಒಂದು ಲೇಖನಕ್ಕೆ ವಿಕಿಪೀಡಿಯದಲ್ಲಿ ಸರಾಸರಿ ನಾಲ್ಕು ತಪ್ಪು, ಬ್ರಿಟಾನಿಕಾದಲ್ಲಿ ಮೂರು. ಬ್ರಿಟಾನಿಕಾದವರು ಈ ಹೋಲಿಕೆಯನ್ನು ಒಪ್ಪಲಿಲ್ಲ, ಅದನ್ನೂ ಬರೆಯಿರಿ. ಎರಡೂ ಕಡೆ ಹೇಳಿದರೆ ಉತ್ತರ ತೂಕದ್ದಾಗುತ್ತದೆ.

ನಮ್ಮದೇ ಒಂದು ಕೋಶ

ಇಲ್ಲಿ ಪುಸ್ತಕ ಪಕ್ಕಕ್ಕಿಟ್ಟು ಒಂದು ಮಾತು ಹೇಳುತ್ತೇನೆ. ಇದೇ ಊರಲ್ಲಿ ನಾವು ಕೆಲವರು ಸೇರಿ ಸಣ್ಣದೊಂದು ಕೋಶ ಶುರು ಮಾಡಿದ್ದೆವು. ನಮ್ಮ ನಮ್ಮ ಊರಿನ ಬಾವಿ, ಜಾತ್ರೆ, ಒಕ್ಕಲುತನದ ಸಾಮಾನು, ಅಡುಗೆ, ಬೈಗುಳ ಬಿಟ್ಟು ಉಳಿದ ಎಲ್ಲ ಮಾತು. ಆಳಂದ, ಸೇಡಂ, ಜೇವರ್ಗಿ, ಚಿತ್ತಾಪುರ ಕಡೆಯ ಹುಡುಗರು, ಹುಡುಗಿಯರು. ಮೊದಲ ತಿಂಗಳು ಎಷ್ಟು ಹುರುಪು ಅಂದರೆ, ರಾತ್ರಿ ಊಟ ಆದಮೇಲೆ ಅವರವರ ಮನೆಯ ಕಾಕಾನನ್ನೋ ಅಜ್ಜಿಯನ್ನೋ ಕೇಳಿ ಬರೆದು ಹಾಕಿ, ಬೆಳಗ್ಗೆ ಎದ್ದು ಇನ್ನೊಬ್ಬರು ಏನು ಸೇರಿಸಿದ್ದಾರೆ ಅಂತ ನೋಡುತ್ತಿದ್ದೆವು. ಒಬ್ಬರು ‘ಪುಂಡಿಪಲ್ಯೆ’ ಅಂತ ಎರಡು ಸಾಲು ಬರೆದರೆ, ಇನ್ನೊಬ್ಬರು ಅದಕ್ಕೆ ಜೋಳದ ನುಚ್ಚು ಹಾಕುವ ಲೆಕ್ಕ ಸೇರಿಸುತ್ತಿದ್ದರು.

ಆಮೇಲೆ ನಮಗೆ ಚಿಂತೆ ಹತ್ತಿತು. ತಪ್ಪು ಇದ್ದರೆ ಏನು ಗತಿ? ಇಬ್ಬರು ಹಿರಿಯರು ನೋಡಿ ಒಪ್ಪಿದ ಮೇಲೆಯೇ ಪುಟ ಕಾಣಲಿ ಅಂತ ನಿಯಮ ಮಾಡಿದೆವು. ನಿಯಮ ಬೇಕು ಅಂದವರಲ್ಲಿ ನಾನೂ ಒಬ್ಬಳು.

ಜೇವರ್ಗಿ ಕಡೆಯ ಒಬ್ಬ ತಮ್ಮ ಕೂರಿಗೆ ಬಗ್ಗೆ ಆರು ಸಾಲು ಬರೆದಿದ್ದ. ಎರಡು ತಾಳಿನ ಕೂರಿಗೆ, ಮೂರು ತಾಳಿನ ಕೂರಿಗೆ, ಮೇಲೆ ಬೀಜ ಬಿಡುವ ಮರದ ಬಟ್ಟಲು, ಅದರಿಂದ ಇಳಿಯುವ ಬಿದಿರಿನ ಕೊಳವೆ. ಬಿತ್ತುವಾಗ ಅವನ ಅವ್ವ ಮುಷ್ಟಿಯನ್ನು ಹೇಗೆ ಸಡಿಲ ಬಿಡುತ್ತಾಳೆ, ಬೆರಳ ಸಂದಿಯಿಂದ ಕಾಳು ಹೇಗೆ ಒಂದೇ ಸಮನೆ ಬೀಳುತ್ತವೆ ಅಂತ ಒಂದು ಸಾಲು. ಆ ಸಾಲು ಯಾವ ಪುಸ್ತಕದಲ್ಲೂ ಸಿಗುವಂಥದ್ದಲ್ಲ. ಅದು ಒಪ್ಪಿಗೆಗೆ ಅಂತ ಐದು ವಾರ ಕಾಯಿತು. ನೋಡಬೇಕಾದ ಇಬ್ಬರಲ್ಲಿ ಒಬ್ಬರಿಗೆ ಪರೀಕ್ಷೆ, ಇನ್ನೊಬ್ಬರ ಮನೆಯಲ್ಲಿ ಮದುವೆ. ಯಾರದೂ ತಪ್ಪಿಲ್ಲ. ಆದರೆ ಆ ಹುಡುಗ ಮತ್ತೆ ಬರೆಯಲಿಲ್ಲ. ಮೂರು ತಿಂಗಳಲ್ಲಿ ಉಳಿದವರೂ ಒಬ್ಬೊಬ್ಬರಾಗಿ ನಿಲ್ಲಿಸಿದರು.

ಇದು ನನಗೆ ಆಗ ಅರ್ಥ ಆಗಲಿಲ್ಲ. ನ್ಯೂಪೀಡಿಯದ ಏಳು ಹಂತ ಓದಿದಾಗ ಅರ್ಥ ಆಯಿತು. ಮುಯ್ಯಾಳಿನ ಪದ್ಧತಿ ಗೊತ್ತಲ್ವಾ? ಇವತ್ತು ನಿಮ್ಮ ಹೊಲದ ತೊಗರಿ ಕೊಯ್ಲಿಗೆ ನಾವು ಬರುತ್ತೇವೆ, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿ ಇಲ್ಲ. ಬಂದವರನ್ನು ಬದುವಿನ ಮೇಲೆ ಕೂರಿಸಿ, ಇರಿ, ನಿಮ್ಮ ಕುಡುಗೋಲು ಸರಿ ಇದೆಯೋ ಇಲ್ಲವೋ ಯಜಮಾನರು ಬಂದು ನೋಡಲಿ ಅಂದರೆ, ಮರುದಿನ ಯಾರು ಬರುತ್ತಾರೆ?

ಸಿಟಿಜೆಂಡಿಯಂ

ಸ್ಯಾಂಗರ್ ಅವರಿಗೆ ತಜ್ಞರ ಮೇಲಿನ ನಂಬಿಕೆ ಹೋಗಲಿಲ್ಲ. 2006ರ ಸೆಪ್ಟೆಂಬರ್‌ನಲ್ಲಿ ಸಿಟಿಜೆಂಡಿಯಂ ಅನ್ನುವ ಹೊಸ ವಿಶ್ವಕೋಶ ತಾಣ ಬರುತ್ತದೆ ಅಂತ ಸಾರಿದರು, 2007ರ ಮಾರ್ಚ್ 25ಕ್ಕೆ ಎಲ್ಲರಿಗೂ ತೆರೆದರು. ಬರೆಯುವವರು ನಿಜ ಹೆಸರು ಕೊಡಬೇಕು, ತಮ್ಮ ಪರಿಚಯ ಬರೆಯಬೇಕು. ಯಾರು ಬೇಕಾದರೂ ಬರೆಯಬಹುದು, ಆದರೆ ‘ಒಪ್ಪಿತ’ ಅನ್ನುವ ಮುದ್ರೆ ಹಾಕುವವರು ಆ ವಿಷಯದ ತಜ್ಞ ಸಂಪಾದಕರು.

ಮೊದಲಿಗೆ ವಿಕಿಪೀಡಿಯದ ಎಲ್ಲ ಲೇಖನಗಳನ್ನೂ ತಂದು, ಅಲ್ಲಿಂದ ಬೇರೆ ದಾರಿ ಹಿಡಿಯುವ ಯೋಚನೆ ಇತ್ತು. ಇದಕ್ಕೆ ಕವಲು ಅನ್ನುತ್ತಾರೆ. 2007ರ ಆರಂಭದಲ್ಲಿ ಅದನ್ನು ಕೈಬಿಟ್ಟು, ಯಾರೂ ಮುಟ್ಟದ ಪ್ರತಿಗಳನ್ನು ಅಳಿಸಿಹಾಕಿದರು. ನನ್ನ ಅಭಿಪ್ರಾಯದಲ್ಲಿ ಆ ತೀರ್ಮಾನ ಸರಿ ಇತ್ತು. ಎರವಲು ತಂದ ಲಕ್ಷಾಂತರ ಪುಟಗಳ ನಡುವೆ ತಾನು ಬರೆದದ್ದು ಎಲ್ಲಿ ಅಂತ ಯಾರಿಗೆ ತಾನೇ ಕಂಡೀತು.

ಆದರೂ ಬೆಳೆಯಲಿಲ್ಲ. 2010ರಲ್ಲಿ ಸ್ಯಾಂಗರ್ ಮುಖ್ಯಸ್ಥಾನ ಬಿಟ್ಟರು. 2016ರ ಹೊತ್ತಿಗೆ ಲೇಖನಗಳು 16,000 ದಾಟಿದ್ದವು, ಒಪ್ಪಿತ ಮುದ್ರೆ ಬಿದ್ದದ್ದು 160ರ ಆಸುಪಾಸು. ನೂರರಲ್ಲಿ ಒಂದು ಅಂತ ಲೆಕ್ಕ ಇಟ್ಟುಕೊಳ್ಳಿ. ಉಳಿದ 99ಕ್ಕೆ ತಜ್ಞರ ಮುದ್ರೆ ಬೀಳಲೇ ಇಲ್ಲ. ಇದರ ಜೊತೆ ಇನ್ನೊಂದು ಕಾರಣವೂ ಇದೆ: ಆಗಲೇ ಎಲ್ಲರೂ ವಿಕಿಪೀಡಿಯ ಓದುತ್ತಿದ್ದರು. ಬರೆಯುವವರು ಓದುಗರು ಇರುವ ಕಡೆಗೇ ಹೋಗುತ್ತಾರೆ. ಸಂತೆ ಒಂದು ಕಡೆ ಕೂಡಿದ ಮೇಲೆ, ಅದಕ್ಕಿಂತ ಒಳ್ಳೆಯ ಜಾಗದಲ್ಲಿ ಅಂಗಡಿ ಹಾಕಿದರೂ ಜನ ತಿರುಗಿ ನೋಡೋದು ಕಷ್ಟ.

ಬೇಗ ಹೇಳಿ ಮುಗಿಸಬಹುದಾದ ಇನ್ನೆರಡು ತಾಣ ಇವೆ. ಗೂಗಲ್‌ನ ನಾಲ್ ಅನ್ನುವ ಲೇಖನಗಳ ತಾಣ 2008ರ ಜುಲೈನಲ್ಲಿ ತೆರೆಯಿತು, 2012ರಲ್ಲಿ ಮುಚ್ಚಿತು. ಅಲ್ಲಿ ಲೇಖನಕ್ಕೆ ಒಬ್ಬ ಒಡೆಯ, ಅವರ ಹೆಸರು, ಜಾಹೀರಾತಿನ ದುಡ್ಡಲ್ಲಿ ಪಾಲು. ಹಾಗಾಗಿ ಒಂದೇ ವಿಷಯಕ್ಕೆ ಹತ್ತು ಜನ ಹತ್ತು ಲೇಖನ ಬರೆಯಬಹುದಿತ್ತು, ಕೂಡಿ ಒಂದನ್ನು ಬೆಳೆಸಲು ಕಾರಣವೇ ಇರಲಿಲ್ಲ. ಎಚ್‌2ಜಿ2 ಅನ್ನುವ, ಓದುಗರೇ ಬರೆಯುವ ಕೋಶವನ್ನು ಇಂಗ್ಲಿಷ್ ಲೇಖಕ ಡಗ್ಲಸ್ ಆಡಮ್ಸ್ 1999ರ ಏಪ್ರಿಲ್‌ನಲ್ಲಿ ಶುರು ಮಾಡಿದರು, 2001ರಲ್ಲಿ ಬಿಬಿಸಿ ತೆಗೆದುಕೊಂಡಿತು, 2011ರಲ್ಲಿ ಕೈಬಿಟ್ಟಿತು. ಆಗ ಅದನ್ನು ಕೊಂಡವರಲ್ಲಿ ಅಲ್ಲಿ ಬರೆಯುತ್ತಿದ್ದವರೂ ಸೇರಿದ್ದರು. ಅಷ್ಟು ವರ್ಷ ಬರೆದದ್ದು ಕಣ್ಣೆದುರೇ ಹೋಗಬಾರದು ಅಂತ ಮುಂದೆ ಬಂದರು. ಆ ಪ್ರೀತಿ ಓದಿದಾಗ ನನಗೆ ಕಣ್ಣು ತುಂಬಿತು.

ಗೆದ್ದದ್ದೂ ಸೊರಗಿತು

ಇದು ಈ ಪಾಠದ ಮುಖ್ಯ ಭಾಗ, ಇಲ್ಲಿ ನಿಧಾನವಾಗಿ ಓದಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ತಿಂಗಳಿಗೆ ಐದಾದರೂ ತಿದ್ದುಪಡಿ ಮಾಡುವವರು 2007ರಲ್ಲಿ 51,000 ದಾಟಿದ್ದರು. 2013ರ ಹೊತ್ತಿಗೆ ಅವರು 31,000ದ ಹತ್ತಿರಕ್ಕೆ ಇಳಿದರು. ಓದುಗರು ಕಡಿಮೆ ಆಗಲಿಲ್ಲ, ಬರೆಯುವವರು ಕಡಿಮೆ ಆದರು.

ಆರನ್ ಹಾಫೇಕರ್ ಮತ್ತು ಜೊತೆಯವರು 2013ರಲ್ಲಿ ಇದರ ಮೇಲೆ ಸಂಶೋಧನೆ ಪ್ರಕಟಿಸಿದರು. ಅವರು ಕಂಡದ್ದು ಹೀಗೆ: ತಾಣ ದೊಡ್ಡದಾದಂತೆ ಕಿಡಿಗೇಡಿಗಳು ಹೆಚ್ಚಿದರು. ಅವರನ್ನು ತಡೆಯಲು ಬಾಟ್‌ಗಳು (ತಾವಾಗಿಯೇ ಕೆಲಸ ಮಾಡುವ ಪ್ರೋಗ್ರಾಂಗಳು), ಒಂದೇ ಒತ್ತಿಗೆ ತಿದ್ದುಪಡಿ ಹಿಂತೆಗೆಯುವ ಸಲಕರಣೆಗಳು ಬಂದವು. ಕೆಲಸ ಬೇಗ ಆಯಿತು. ಆದರೆ ಅದೇ ಜರಡಿಯಲ್ಲಿ ಒಳ್ಳೆಯ ಮನಸ್ಸಿನಿಂದ ಬಂದು ತಪ್ಪು ಮಾಡಿದ ಹೊಸಬರೂ ಹೊರಗೆ ಬಿದ್ದರು. ಬರೆದ ಸಾಲು ಮಾಯ, ಬದಲಿಗೆ ಮೊದಲೇ ಅಚ್ಚು ಹಾಕಿಟ್ಟ ಎಚ್ಚರಿಕೆಯ ಮಾತು. ಮನುಷ್ಯರೊಬ್ಬರು ‘ಇದಕ್ಕೆ ಆಧಾರ ಎಲ್ಲಿದೆ?’ ಅಂತ ಕೇಳಿದ್ದರೆ ಅವರು ಹುಡುಕಿ ತರುತ್ತಿದ್ದರು. ಜೊತೆಗೆ ನಿಯಮಗಳು ಗಟ್ಟಿಯಾದವು, ಹೊಸಬರ ಮಾತಿಗೆ ಅವನ್ನು ಬದಲಿಸುವ ಬಲ ಉಳಿಯಲಿಲ್ಲ.

ನೋಡಿ, ನ್ಯೂಪೀಡಿಯ ಬರೆಯುವ ಮೊದಲು ತಡೆಯಿತು, ವಿಕಿಪೀಡಿಯ ಬರೆದ ಮೇಲೆ ಅಳಿಸಿತು. ಹೊಸಬರಿಗೆ ಎರಡೂ ಒಂದೇ ಥರ ಕಾಣುತ್ತವೆ. 2014ರ ಆಸುಪಾಸಿನಿಂದ ಆ ಇಳಿಕೆ ಹೆಚ್ಚುಕಮ್ಮಿ ನಿಂತಿದೆ, ಅದನ್ನೂ ಉತ್ತರದಲ್ಲಿ ಸೇರಿಸಿ.

ಕನ್ನಡದ ಕಡೆ

ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು, ಈಗ ಮೂವತ್ತು ಸಾವಿರ ಲೇಖನ ದಾಟಿದೆ. ಅದರ ಪದಗಳೇ ನನಗೆ ಇಷ್ಟ. ಎಲ್ಲರೂ ಕೂತು ಮಾತಾಡುವ ಪುಟಕ್ಕೆ ಅರಳಿ ಕಟ್ಟೆ ಅನ್ನುತ್ತಾರೆ. ನಾಲ್ಕೈದು ಸಾಲಿನ ಎಳೆಯ ಲೇಖನಕ್ಕೆ ಚುಟುಕು. ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಬರಹವನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟದ್ದರಿಂದ ತಜ್ಞರ ಮಾತೂ ಅಲ್ಲಿಗೆ ಬಂದು ಸೇರಿತು. ತಜ್ಞರು ಬರೆದದ್ದು ಒಳಗೆ ಬರಲಿ, ಬಾಗಿಲು ಮಾತ್ರ ತೆರೆದೇ ಇರಲಿ. ಇದು ಒಳ್ಳೆಯ ಹೊಂದಾಣಿಕೆ ಅಂತ ನನಗನಿಸುತ್ತದೆ.

ನಮ್ಮ ಕಷ್ಟ ಇಂಗ್ಲಿಷಿನವರದ್ದಕ್ಕಿಂತ ಬೇರೆ. ಅಲ್ಲಿ ಜನ ಬಂದು ಬಿಟ್ಟುಹೋದರು, ಇಲ್ಲಿ ಇನ್ನೂ ಬರಬೇಕು. ಕೋಟಿಗಟ್ಟಲೆ ಮಾತಾಡುವ ಭಾಷೆಗೆ ಬರೆಯುವವರು ಬೆರಳೆಣಿಕೆಯಷ್ಟು. ಅದರಲ್ಲೂ ಬೀದರ, ಯಾದಗಿರಿ, ಕಲಬುರಗಿಯ ಊರುಗಳ ಪುಟ ಎಷ್ಟೋ ಸಲ ಚುಟುಕಾಗಿಯೇ ಉಳಿದಿರುತ್ತದೆ.

ಹೋದ ತಿಂಗಳು ನಮ್ಮ ಸೇಡಂ ಕಡೆಯ ಒಂದು ಊರಿನ ಪುಟ ತೆರೆದೆ. ಎರಡೇ ಸಾಲು. ‘ಸಂಪಾದಿಸಿ’ ಒತ್ತಿದೆ, ಊರು ಕಾಗಿಣಾ ನದಿಯ ದಂಡೆಯಲ್ಲಿದೆ ಅಂತ ಒಂದು ಸಾಲು ಬರೆದೆ, ಗೆಜೆಟಿಯರ್‌ನ ಪುಟಸಂಖ್ಯೆ ಕೊಟ್ಟೆ, ಉಳಿಸಿದೆ. ಇತಿಹಾಸ ತೆರೆದರೆ ತಾರೀಖು, ಗಂಟೆ, ನನ್ನ ಹೆಸರು. ಎರಡು ದಿನದ ಮೇಲೆ ಯಾರೋ ಬಂದು ನನ್ನ ಒಂದು ಕಾಗುಣಿತ ತಿದ್ದಿ ಹೋಗಿದ್ದರು. ಅದನ್ನು ನೋಡಿ ನನಗೆ ಆದ ಸಂತೋಷ ಹೇಳಲು ಬರುವುದಿಲ್ಲ. ಯಾರೋ ಓದಿದ್ದಾರೆ ಅಂತ.

ಅದೇ ದಿನ ಹಳೆಯ ನೋಟ್‌ಬುಕ್ ತೆಗೆದೆ. ಕೂರಿಗೆಯ ಆರು ಸಾಲು ಅದರಲ್ಲಿ ಹಾಗೇ ಇವೆ. ಆ ಹುಡುಗ ಈಗ ಊರಲ್ಲೇ ಒಕ್ಕಲುತನ ಮಾಡುತ್ತಾನೆ, ನಂಬರ್ ಹುಡುಕಿದ್ದೇನೆ. ಮೂರು ತಾಳಿನ ಕೂರಿಗೆಯಲ್ಲಿ ತೊಗರಿ ಬಿತ್ತುವಾಗ ಎಲ್ಲ ಕೊಳವೆಗೂ ಕಾಳು ಬಿಡುತ್ತಾರೋ, ನಡುವಿನದನ್ನು ಮುಚ್ಚುತ್ತಾರೋ ಅಂತ ಮೊದಲು ಕೇಳಬೇಕು. ಅವ್ವನ ಮುಷ್ಟಿಯ ಸಾಲನ್ನು ಎಲ್ಲಿ ಹಾಕೋಣ ಅಂತಲೂ ಅವನನ್ನೇ ಕೇಳುತ್ತೇನೆ.