ಟೆಂಡರಿನ ಕೊನೆಯ ಐದು ನಿಮಿಷ

ಶಿವಮೊಗ್ಗದ ಅಡಿಕೆ ಇ-ಟೆಂಡರ್ ಮೇಲ್ನೋಟಕ್ಕೆ ಸರಳ. ಗೇಟಿನಲ್ಲಿ ಚೀಲಗಳ ಲೆಕ್ಕ ಬರೆಯುತ್ತಾರೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬಗೆ ನೋಡಿ ಲಾಟ್ ಸಂಖ್ಯೆ ಕೊಡುತ್ತಾರೆ. ಖರೀದಿದಾರರು ತಮ್ಮ ಲಾಗಿನ್‌ನಲ್ಲಿ ಕ್ವಿಂಟಲಿಗೆ ಇಷ್ಟೆಂದು ದರ ಹಾಕುತ್ತಾರೆ, ಒಬ್ಬರದು ಇನ್ನೊಬ್ಬರಿಗೆ ಕಾಣದು. ಗರಿಷ್ಠ ದರವನ್ನು ಬೆಳೆಗಾರ ಒಪ್ಪಿದರೆ ತೂಕ, ಬಿಲ್ಲು. 2014ರಲ್ಲಿ ಕರ್ನಾಟಕ ಶುರುಮಾಡಿದ ಏಕೀಕೃತ ಮಾರುಕಟ್ಟೆ ವೇದಿಕೆಯ ಹಾದಿ ಹೆಚ್ಚುಕಡಿಮೆ ಇದೇ.

ಬರೆದಿಡದ ನಿಯಮಗಳು ಆಮೇಲೆ ಹುಟ್ಟುತ್ತವೆ. ಒಂದು ದಿನ 300 ಲಾಟ್ ಬಂದಿವೆ ಎನ್ನೋಣ. ಅಡಿಕೆ ಒಡೆದು, ಬಣ್ಣ, ಒಣಗು ನೋಡಲು ಲಾಟಿಗೆ 2 ನಿಮಿಷವಾದರೂ ಬೇಕು. ಒಟ್ಟು 10 ಗಂಟೆ! ಯಾರಿಂದಲೂ ಆಗದು. ಹಾಗಾಗಿ ಹಿಂದೆ ಒಳ್ಳೆಯ ಮಾಲು ಸಿಕ್ಕ ಮಂಡಿಗೆ, ಅಂದರೆ ದಲಾಲರ ಅಂಗಡಿಗೆ, ಖರೀದಿದಾರರು ಮೊದಲು ಹೋಗುತ್ತಾರೆ. ಅಲ್ಲಿ ಪೈಪೋಟಿ ಹೆಚ್ಚಿ ದರ ಏರುತ್ತದೆ, ಒಳ್ಳೆಯ ಮಾಲಿನ ಬೆಳೆಗಾರರೂ ಅಲ್ಲಿಗೇ ಬರುತ್ತಾರೆ. ಯಾರ ಆದೇಶವೂ ಇಲ್ಲದೆ ಮಂಡಿಗಳ ನಡುವೆ ಮೇಲು-ಕೀಳು ಬೆಳೆಯುತ್ತದೆ. ವಿಜ್ಞಾನಿಗಳು ಸಂಕೀರ್ಣ ವ್ಯವಸ್ಥೆ ಎನ್ನುವುದು ಇಂಥದ್ದನ್ನೇ. ದೂರದ ಕಾನ್ಪುರದಲ್ಲಿ ಕೂತು ಕೊಳ್ಳುವ ವ್ಯಾಪಾರಿಗೆ ಪರದೆಯಲ್ಲಿ ತೇವಾಂಶ ಕಾಣುವುದಿಲ್ಲವಾದ್ದರಿಂದ ಇಲ್ಲಿ ನೋಡಿ ಹೇಳುವವರು ಬೇಕೇ ಬೇಕು. ಆನ್‌ಲೈನ್ ಆದರೆ ಮಧ್ಯವರ್ತಿ ಮಾಯವಾಗುತ್ತಾನೆ ಎಂಬ ಮಾತು ಅಡಿಕೆಗೆ ಒಗ್ಗಿದಂತಿಲ್ಲ.

ಇನ್ನು ಸರ್ವರ್. ಬೇರೆಯವರ ನಡೆ ತಿಳಿಯದಾಗ ಎಲ್ಲ ನೋಡಿ ಮುಗಿಸಿ ಕೊನೆಗೆ ದರ ಹಾಕುವುದೇ ಜಾಣತನ. ಎಲ್ಲರೂ ಜಾಣರಾದರೆ ಕೊನೆಯ 5 ನಿಮಿಷಕ್ಕೆ ಹೊರೆಯೆಲ್ಲ ಬೀಳುತ್ತದೆ. ಬೇಡಿಕೆಗಳು ಅಡ್ಡಾದಿಡ್ಡಿ ಬರುವ ಒಂಟಿ ಸರ್ವರಿನ ಸರಳ ಲೆಕ್ಕ ಇದು: ಸಾಮರ್ಥ್ಯದ ಅರ್ಧ ಹೊರೆಗೆ ಉತ್ತರ ಬರುವ ಸರಾಸರಿ ಸಮಯ ಸರ್ವರ್ ಖಾಲಿ ಇದ್ದಾಗಿನ 2 ಪಟ್ಟು, ಶೇ 90ಕ್ಕೆ 10 ಪಟ್ಟು, ಶೇ 95ಕ್ಕೆ 20 ಪಟ್ಟು. ಉತ್ತರ ಬಾರದಿದ್ದರೆ ಜನ ಮತ್ತೆ ಬಟನ್ ಒತ್ತುತ್ತಾರೆ, ಹೊರೆ ಇನ್ನೂ ಏರುತ್ತದೆ. ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಟ್ಟರಂತೂ ಕೇಳುವುದೇ ಬೇಡ.

ಒಂದು ಲಾಟಿಗೆ ಒಬ್ಬರ ಒಂದೇ ದರ ದಾಖಲಾಗುವಂತೆ, ಎರಡನೆಯದು ಮೊದಲನೆಯದನ್ನು ಅಳಿಸುವಂತೆ ಮಾಡಿದರೆ ಮರುಒತ್ತು ಲೆಕ್ಕ ಕೆಡಿಸದು. ಲಾಟುಗಳನ್ನು ಗುಂಪು ಮಾಡಿ 15 ನಿಮಿಷದ ಅಂತರದಲ್ಲಿ ಮುಚ್ಚಿದರೆ ನೂಕುನುಗ್ಗಲು ಹಂಚಿಹೋಗುತ್ತದೆ. ಆದರೆ ಮೊದಲು ಮುಚ್ಚುವ ಗುಂಪನ್ನು ನೋಡುವವರೇ ಕಡಿಮೆಯಾಗಿ ಅಲ್ಲಿ ದರ ಕುಸಿಯಬಹುದು. ಆ ಸರದಿಯನ್ನು ದಿನವೂ ಚೀಟಿ ಎತ್ತಿ ಬದಲಿಸುವುದೇ ವಾಸಿ.