ಯಾರ ಊರಿನ ಕೋಳಿ?

ಇಸ್ತಾಂಬುಲ್‌ನ ಮಾಂಸದಂಗಡಿಯಲ್ಲಿ ಟರ್ಕಿ ಕೋಳಿ ಬೇಕಿದ್ದರೆ ‘ಹಿಂದಿ’ ಕೊಡಿ ಅನ್ನಬೇಕು. ಅವರ ಭಾಷೆಯಲ್ಲಿ ಆ ಹಕ್ಕಿಯ ಹೆಸರೇ ಅದು. ಹಿಂದಿ ಅಂದರೆ ಹಿಂದ್ ದೇಶದ್ದು, ಅಂದರೆ ನಮ್ಮದು! ಇಂಗ್ಲಿಷರು ಟರ್ಕಿಯ ಕಡೆ ಕೈ ತೋರಿಸುತ್ತಾರೆ, ಟರ್ಕಿಯವರು ನಮ್ಮ ಕಡೆ. ನಾವು ಮಾತ್ರ ಸುಮ್ನೆ ಇಂಗ್ಲಿಷರ ಮಾತು ನಂಬಿ ಟರ್ಕಿ ಕೋಳಿ ಅಂದುಕೊಂಡು ಬಂದಿದ್ದೇವೆ.

ಈ ಹಕ್ಕಿಗೂ ಎರಡೂ ದೇಶಕ್ಕೂ ಸಂಬಂಧವೇ ಇಲ್ಲ. ಇದನ್ನು ಮೊದಲು ಸಾಕಿ ಪಳಗಿಸಿದವರು ಮೆಕ್ಸಿಕೋದ ಜನ. ಸ್ಪೇನಿನವರು 16ನೇ ಶತಮಾನದ ಶುರುವಿನಲ್ಲಿ ಯುರೋಪಿಗೆ ತಂದರು. ತಂದವರು ಇದನ್ನು ‘ಪಾವೊ’ ಅಂದರು. ಆದರೆ ಅದು ಆಗಲೇ ನವಿಲಿನ ಹೆಸರಾಗಿತ್ತು. ಕೊನೆಗೆ ನವಿಲೇ ‘ಪಾವೊ ರೆಯಾಲ್’, ಅಂದರೆ ರಾಜಪಾವೊ, ಆಗಬೇಕಾಯಿತು. ಬಂದ ನೆಂಟ ಹೆಸರು ಕಿತ್ತುಕೊಂಡ, ಮನೆಯವನಿಗೆ ಬಡ್ತಿ ಸಿಕ್ಕಿತು.

ಟರ್ಕಿ ಅನ್ನುವ ಹೆಸರು ಹೇಗೆ ಬಂತು? ಆಫ್ರಿಕಾದ ಗಿನಿ ಕೋಳಿ ಒಟ್ಟೋಮನ್ ತುರ್ಕರ ಸೀಮೆಯನ್ನು ಹಾದು ಇಂಗ್ಲೆಂಡಿಗೆ ಬರುತ್ತಿತ್ತು. ಅದನ್ನು ಟರ್ಕಿ ಹುಂಜ ಅನ್ನುತ್ತಿದ್ದರು. ಆಮೇಲೆ ಅಮೆರಿಕದ ಹಕ್ಕಿ ಬಂತು. ಜನಕ್ಕೆ ಎರಡೂ ಒಂದೇ ಥರ ಕಂಡವು. ಕೊನೆಗೆ ಹೆಸರು ಹೊಸಬನ ಪಾಲಾಯಿತು. ವಿಜ್ಞಾನಿಗಳೂ ಇದನ್ನು ಬಿಡಿಸಲಿಲ್ಲ. 1758ರಲ್ಲಿ ಲಿನೇಯಸ್ ಕೊಟ್ಟ ‘ಮೆಲಿಯಾಗ್ರಿಸ್ ಗ್ಯಾಲೊಪಾವೊ’ ಹೆಸರಿನ ಮೊದಲ ಪದ ಗ್ರೀಕರ ಗಿನಿ ಕೋಳಿ. ಎರಡನೆಯದರಲ್ಲಿ ಹುಂಜವೂ ಇದೆ, ನವಿಲೂ ಇದೆ. ಮೆಕ್ಸಿಕೋ ಮಾತ್ರ ಇಲ್ಲ.

ನಮ್ಮ ಹೆಸರು ಸಿಕ್ಕಿಕೊಂಡಿದ್ದು ಕೊಲಂಬಸ್‌ನಿಂದ. 1492ರಲ್ಲಿ ಅಮೆರಿಕ ಮುಟ್ಟಿ, ಇಂಡಿಯಾ ಸಿಕ್ಕಿತು ಅಂದ ಮಹರಾಯ! ಹಾಗಾಗಿ ಅಲ್ಲಿಂದ ಬಂದ ಹಕ್ಕಿಯೂ ಇಂಡಿಯಾದ್ದಾಯಿತು. ಫ್ರೆಂಚರ ‘ದ್ಯಾಂದ್’ ಮೊದಲು ‘ಇಂಡಿಯಾದ ಕೋಳಿ’ ಅಂತ ಇದ್ದದ್ದು. ರಷ್ಯನ್ನರು ‘ಇಂದೇಯ್ಕಾ’, ಪೋಲೆಂಡಿನವರು ‘ಇಂದಿಕ್’ ಅನ್ನುತ್ತಾರೆ. ಹೀಬ್ರೂನಲ್ಲಿ ‘ಹೋದು’ ಅಂದರೆ ಭಾರತವೂ ಹೌದು, ಟರ್ಕಿ ಮಾಂಸವೂ ಹೌದು. ಡಚ್ಚರು ಇನ್ನೂ ಕರಾರುವಾಕ್ಕು! ಅವರ ‘ಕಾಲ್‌ಕುನ್’ ಅಂದರೆ ಕಲ್ಲಿಕೋಟೆಯ ಕೋಳಿ. ಡೆನ್ಮಾರ್ಕ್, ಸ್ವೀಡನ್, ಫಿನ್‌ಲೆಂಡಿನಲ್ಲೂ ಹೆಚ್ಚುಕಡಿಮೆ ಇದೇ ಹೆಸರು. ಕೋಳಿ ಕೂಗು ಕೇಳಿಸುವಷ್ಟು ದೂರದ ನೆಲವನ್ನು ದಾನ ಕೊಟ್ಟಿದ್ದರಿಂದ ಕಲ್ಲಿಕೋಟೆಗೆ ಕೋಳಿಕ್ಕೋಡ್ ಅನ್ನುವ ಹೆಸರು ಬಂತು ಅಂತ ಕೇರಳದಲ್ಲಿ ಒಂದು ಕತೆ ಇದೆ. ಆ ಊರೇ ಉತ್ತರ ಯುರೋಪಿನಲ್ಲಿ ಕೋಳಿಯಾಗಿ ಕೂತಿರುವುದು ನನಗಂತೂ ಮಜಾ ಅನಿಸುತ್ತದೆ.

ಉಳಿದವರೂ ಕಡಿಮೆಯಿಲ್ಲ. ಪೋರ್ಚುಗೀಸರಿಗೆ ಇದು ‘ಪೆರು’. ಈಜಿಪ್ಟಿನಲ್ಲಿ ರೂಮಿ ಹುಂಜ, ಅಂದರೆ ರೋಮ್ ಸೀಮೆಯ ಹುಂಜ. ಮಲಯಾದವರಿಗೆ ‘ಆಯಂ ಬೆಲಂದಾ’, ಡಚ್ಚರ ಕೋಳಿ. ಇವನ್ನೆಲ್ಲ ಓದಿದರೆ ಹಕ್ಕಿಯ ಊರು ಗೊತ್ತಾಗುವುದಿಲ್ಲ. ಆಯಾ ಜನಕ್ಕೆ ಹೊಸ ಸರಕು ಯಾವ ದಿಕ್ಕಿನಿಂದ, ಯಾರ ಕೈಯಿಂದ ಬರುತ್ತಿತ್ತು ಅನ್ನೋದು ಗೊತ್ತಾಗುತ್ತದೆ.

ಇಂಡಿಯಾದ ಕೋಳಿ ಅನಿಸಿಕೊಂಡಿದ್ದು ಇಂಡಿಯಾಕ್ಕೆ ಬಂದಾಗ ಏನಾಯಿತು? 1612ರಲ್ಲಿ ಮೊಘಲರ ಅಧಿಕಾರಿ ಮುಕರ್ರಬ್ ಖಾನ್ ಗೋವಾದಿಂದ ಕೆಲವು ವಿಚಿತ್ರ ಪ್ರಾಣಿಗಳನ್ನು ಕೊಂಡು ಜಹಾಂಗೀರನ ಆಸ್ಥಾನಕ್ಕೆ ತಂದ. ಅದರಲ್ಲಿ ಈ ಹಕ್ಕಿಯೂ ಇತ್ತು. ಇಂಥವನ್ನು ತಾನು ಕಂಡೇ ಇಲ್ಲ, ಇವುಗಳ ಹೆಸರೂ ಯಾರಿಗೂ ಗೊತ್ತಿಲ್ಲ ಅಂತ ಬಾದಶಹ ತನ್ನ ದಿನಚರಿಯಲ್ಲಿ ಬರೆದುಕೊಂಡ. ಆದರೆ ಕಣ್ಣಿಟ್ಟು ನೋಡಿದ್ದ. ತಲೆ, ಕುತ್ತಿಗೆ ಒಮ್ಮೆ ಹವಳದಂತೆ ಕೆಂಪು, ಸ್ವಲ್ಪ ಹೊತ್ತಿಗೆ ಹತ್ತಿಯಂತೆ ಬಿಳಿ, ಆಮೇಲೆ ನೀಲಿ, ಥೇಟ್ ಗೋಸುಂಬೆ ಅಂದ. ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರ್ ಬರೆದ ಅದರ ಚಿತ್ರ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಜಹಾಂಗೀರ್ ನೋಡಿದ್ದು ಸರಿಯಾಗೇ ಇತ್ತು. ಟರ್ಕಿಯ ತಲೆಯ ಮೇಲೆ ಪುಕ್ಕ ಇಲ್ಲ. ಚರ್ಮದೊಳಗೆ ಕೊಲಾಜೆನ್ ನಾರಿನ ಕಟ್ಟುಗಳಿವೆ, ಅವುಗಳ ನಡುವೆ ರಕ್ತನಾಳಗಳು. ಹಕ್ಕಿ ಕೆರಳಿದಾಗ, ಹೆದರಿದಾಗ ನಾಳಗಳು ಉಬ್ಬುತ್ತವೆ, ಕುಗ್ಗುತ್ತವೆ. ಆಗ ನಾರುಗಳ ನಡುವಿನ ಅಂತರವೂ ಬದಲಾಗುತ್ತದೆ, ಬೆಳಕು ಚದುರುವ ರೀತಿಯೂ ಬದಲಾಗುತ್ತದೆ. ಜಪಾನಿನವರು ಇದನ್ನು ‘ಏಳು ಮುಖದ ಹಕ್ಕಿ’ ಅನ್ನುತ್ತಾರೆ. ಪರ್ಷಿಯನ್ನರ ‘ಬೂಕಲಮೂನ್’ ಪದಕ್ಕೂ ಬಣ್ಣ ಬದಲಿಸುವುದು ಅನ್ನುವ ಅರ್ಥವಿದೆ. ಇಷ್ಟು ಹೆಸರಿನಲ್ಲಿ ಹಕ್ಕಿಯ ಮುಖ ನೋಡಿ ಇಟ್ಟಿದ್ದು ಇಂಥ ಒಂದೆರಡೇ.

2022ರಲ್ಲಿ ಟರ್ಕಿ ದೇಶ ವಿಶ್ವಸಂಸ್ಥೆಯಲ್ಲಿ ತನ್ನ ಹೆಸರನ್ನು ತುರ್ಕಿಯೆ ಅಂತ ಬದಲಿಸಿಕೊಂಡಿತು. ಕೋಳಿಯ ಜೊತೆ ಹೆಸರು ಹಂಚಿಕೊಳ್ಳೋದು ಯಾರಿಗೆ ಇಷ್ಟ, ಅಲ್ವಾ?

ನಾವೇನೂ ಸಾಚಾ ಅಲ್ಲ. ತರಕಾರಿ ಗಾಡಿಯಲ್ಲಿ ತಿಳಿಹಸಿರು ಬಣ್ಣದ, ಪೇರು ಹಣ್ಣಿನ ಆಕಾರದ ಕಾಯಿ ಇರುತ್ತದಲ್ಲ, ಹೆಚ್ಚುವಾಗ ಕೈಗೆ ಅಂಟುವಂಥದ್ದು? ಅದೂ ಮೆಕ್ಸಿಕೋ ಕಡೆಯದೇ. ಎಲ್ಲೋ ಹೊರಗಿನಿಂದ ಬಂತು ಅಂತ ನಾವದನ್ನು ಸೀಮೆ ಬದನೆಕಾಯಿ ಅನ್ನುತ್ತೇವೆ. ತೆಲುಗರು, ತಮಿಳರು ಅದಕ್ಕೆ ಬೆಂಗಳೂರು ಬದನೆಕಾಯಿ ಅಂತಾರೆ.